ಜೀಪನ್ನು ಎತ್ತರಿಸುವ ಮುನ್ನ

ಪೆರ್ಲ, ಬೆಳ್ಳೂರು, ದೇಲಂಪಾಡಿ ಕಡೆಯ ನಮ್ಮ ಮನೆಗಳಿಗೆ ಜೀಪು ಮೋಜಿನ ವಸ್ತುವಾಗಿ ಬಂದುದಲ್ಲ. ಬಸ್ಸು ಹತ್ತಲಾರದ ಏರುದಾರಿಯಲ್ಲಿ ಅಡಿಕೆ ಮೂಟೆಯನ್ನೂ ಗೊಬ್ಬರವನ್ನೂ ಕಾಯಿಲೆಯವರನ್ನೂ ಹೊತ್ತು ದುಡಿಯಲು ಬಂದುದು. ಇಂದು ನಮ್ಮ ಯುವಕರು ಹಳೆಯ ಜೀಪನ್ನು ಹುಡುಕಿ ತಂದು ಅಂಗಳದಲ್ಲೇ ಬಿಚ್ಚಿ ಕಟ್ಟುತ್ತಾರೆ. ನಾಲ್ವರು ಸೇರಿದಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ದೊಡ್ಡ ಟಯರುಗಳದೇ ಮಾತು. ಇದನ್ನು ನಾವು ಹಳಿಯುವುದಿಲ್ಲ. ತನ್ನ ವಾಹನದ ಒಳಗನ್ನು ಬಲ್ಲವನು ದಾರಿಯಲ್ಲಿ ಕಂಗೆಡುವುದಿಲ್ಲ.

ಆದರೆ ಈ ಮಾತುಗಳೆಲ್ಲ ಬಹುಪಾಲು ಎತ್ತರದ ಸುತ್ತಲೇ ತಿರುಗುತ್ತಿವೆ. ಎತ್ತರದಿಂದ ದೊರೆಯುವುದೇನು? ಹಳೆಯ ಜೀಪಿನ ಎರಡು ಆಕ್ಸಲುಗಳೂ ಚಕ್ರದಿಂದ ಚಕ್ರಕ್ಕೆ ಒಂದೇ ಗಟ್ಟಿ ದಂಡ. ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಮೇಲೇರುವುದು ಬಾಡಿ ಮಾತ್ರ. ಕಲ್ಲಿಗೆ ತಾಗುವ ಆಕ್ಸಲಿನ ಉಂಡೆ ಇದ್ದಲ್ಲೇ ಇರುತ್ತದೆ. ಅದನ್ನು ಏರಿಸುವುದು ದೊಡ್ಡ ಟಯರು ಒಂದೇ. ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದರೆ ಸಿಗುವ ಎತ್ತರ ಸುಮಾರು ಒಂದೇ ಇಂಚು. ಜತೆಗೆ ಮುಂದಿನ ಆಕ್ಸಲಿನ ಓರೆ ಬದಲಾಗಿ ಸ್ಟೇರಿಂಗು ಹಿಡಿತ ತಪ್ಪಬಹುದು. ಹೆಚ್ಚು ಪ್ಲೇಟು ಸೇರಿಸಿದರೆ ಸ್ಪ್ರಿಂಗು ಬಿಗಿಯಾಗಿ, ಗುಂಡಿಯಲ್ಲಿ ಒಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಬಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ಬ್ರೇಕಿನ ಹೋಸು ಗಿಡ್ಡವಾಗಿ ಎಳೆಯುತ್ತದೆ. ಟಯರು ದೊಡ್ಡದಾದರೆ ಅದೇ ಬ್ರೇಕು ಹೆಚ್ಚು ಭಾರವನ್ನು ತಡೆಯಬೇಕಾಗುತ್ತದೆ; ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ಇದೇ ದಾರಿಯಾಗುತ್ತದೆ.

ಕಾನೂನಿನ ಉದ್ದೇಶ ಸರಿಯೇ. ಆದರೆ ಸಾಮಾನ್ಯ ಮಾಲೀಕನಿಗೆ ಯಾವುದು ದುರಸ್ತಿ, ಯಾವುದು ಬದಲಾವಣೆ ಎಂಬ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ. ಸವೆದ ಪ್ಲೇಟಿಗೆ ಹೊಸ ಪ್ಲೇಟು ಹಾಕಿಸುವವನೂ, ಆಡಂಬರಕ್ಕಾಗಿ ಆರು ಇಂಚು ಏರಿಸುವವನೂ ಒಂದೇ ಅಳುಕಿನಲ್ಲಿ ತಪಾಸಣೆಗೆ ನಿಲ್ಲಬೇಕೆ? ಯಾವ ಅಳತೆಯ ಟಯರು, ಎಂಥ ಸ್ಪ್ರಿಂಗು ಸಲ್ಲುತ್ತದೆ ಎಂಬ ಪಟ್ಟಿಯನ್ನು ಇಲಾಖೆ ತನ್ನ ಕಚೇರಿಗಳಲ್ಲಿ ಹಚ್ಚಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅದು ಕನ್ನಡದಲ್ಲೂ ಇರಲಿ. ತಿಳಿಯದ ಭಾಷೆಯಲ್ಲಿ ಬರೆದ ನಿಯಮವನ್ನು ಪಾಲಿಸೆಂದರೆ ಹೇಗೆ?

ನಮ್ಮ ಯುವಮಿತ್ರರಲ್ಲೂ ಒಂದು ಬಿನ್ನಹ. ಕೈಯಲ್ಲಿರುವ ಹಣದ ಮೊದಲ ಪಾಲು ಬ್ರೇಕಿಗೆ ಹೋಗಲಿ. ಅನಂತರ ಸವೆದ ಬುಶ್ಶು, ಸಡಿಲಗೊಂಡ ಯು-ಬೋಲ್ಟು, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರು, ಬಿರುಕುಬಿಟ್ಟ ಟಯರು. ಇವಿಷ್ಟು ಸರಿಯಾದರೆ ಕಂಪೆನಿ ಕೊಟ್ಟ ಎತ್ತರದಲ್ಲೇ ಮಳೆಗಾಲದ ಕೆಸರು ದಾಟುವ ಜೀಪು ನಿಮ್ಮದಾಗುತ್ತದೆ. ಅದರ ಹಿಂದಿನ ಸೀಟಿನಲ್ಲಿ ಶಾಲೆಯ ಮಕ್ಕಳೂ ಮನೆಯ ಹಿರಿಯರೂ ಕುಳಿತುಕೊಳ್ಳುತ್ತಾರೆ. ಅವರನ್ನು ನೆನೆದೇ ಸ್ಪ್ಯಾನರು ಹಿಡಿಯಿರಿ.