ಗರಸು ಹಾದಿಯ ಸವಾರಿ

ಹಿಂದವಾಡಿಯಿಂದ ನಮ್ಮ ಓದುಗ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗನು ‘ಗ್ರ್ಯಾವೆಲ್ ಸೈಕಲ್’ ಎಂಬ ಹೊಸ ಬಗೆಯ ಸೈಕಲ್ಲನ್ನು ಬೇಡುತ್ತಿದ್ದಾನಂತೆ. ಅದರ ಬೆಲೆ ಒಂದು ಸ್ಕೂಟರಿನಷ್ಟು. ಫ್ರಾನ್ಸ್ ದೇಶದ ಜನರು ಇಂಥ ಸೈಕಲ್ಲನ್ನೇರಿ ಸರೋವರಗಳ ದಂಡೆಗುಂಟ, ಕಾಡಿನ ನಡುವೆ ದಿನಗಟ್ಟಲೆ ಸಂಚರಿಸುವ ಚಿತ್ರಗಳನ್ನು ಮೊಬೈಲಿನಲ್ಲಿ ಕಂಡು ಅವನಿಗೆ ಈ ಹಂಬಲ ಹತ್ತಿದೆ. ರವಿವಾರ ಖಾನಾಪುರದ ಕಾಡಿನತ್ತ ಹೋಗುವೆನೆನ್ನುತ್ತಾನೆ. ಡಾಂಬರು ರಸ್ತೆಯಿರುವಾಗ ಮಣ್ಣಿನ ಹಾದಿಯನ್ನು ಹುಡುಕಿಕೊಂಡು ಹೋಗುವುದು ಎಂಥ ಶೋಕಿ? ಅಡವಿಯಲ್ಲಿ ಬಿದ್ದರೆ ಎತ್ತುವವರಾರು? ಇದು ಆ ತಾಯಿಯವರ ಕಳವಳ. ಪತ್ರದ ತುದಿಯಲ್ಲಿ ಇನ್ನೊಂದು ಸಾಲಿದೆ: ‘ಅವನ ತಂಗಿಯೂ ಹೋಗುತ್ತೇನೆನ್ನುತ್ತಾಳೆ, ಆಕೆಗಂತೂ ಕೂಡದೆಂದು ಹೇಳಿಬಿಟ್ಟಿದ್ದೇವೆ.’ ಇಡೀ ಪತ್ರಕ್ಕಿಂತ ಆ ಒಂದು ಸಾಲೇ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು.

ಹೆಸರು ಇಂಗ್ಲಿಷಿನದಾದರೂ ವಸ್ತು ನಮಗೆ ಅಪರಿಚಿತವಲ್ಲ. ಗ್ರ್ಯಾವೆಲ್ ಎಂದರೆ ಗರಸು. ಬೆಳಗಾವಿಯಿಂದ ಖಾನಾಪುರದತ್ತ ಸಾಗಿದಂತೆಲ್ಲ ಕರಿನೆಲ ಹಿಂದಾಗಿ ಜಂಬಿಟ್ಟಿಗೆಯ ಕೆಂಪು ನೆಲ ಎದುರಾಗುತ್ತದೆ. ಆ ನೆಲದ ಗರಸನ್ನೇ ಹಾಸಿ ನಮ್ಮ ಹಿರಿಯರು ಹೊಲದ ಹಾದಿ, ಬಂಡಿಯ ಹಾದಿಗಳನ್ನು ಮಾಡಿಕೊಂಡರು. ಇಂಥ ಹಾದಿಗೆಂದೇ ರೂಪಿಸಿದ ಸೈಕಲ್ಲಿಗೆ ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್, ಅಗಲವಾದ ಟಾಯರು, ಏರಿಗೆ ಅನುಕೂಲವಾಗುವ ಗೇರುಗಳು, ಇಳಿಜಾರಿನಲ್ಲಿ ನಂಬುವಂಥ ಡಿಸ್ಕ್ ಬ್ರೇಕು ಇರುತ್ತವೆ. ಟಾಯರಿನಲ್ಲಿ ಗಾಳಿಯನ್ನು ತುಸು ಕಡಿಮೆಯೇ ಇಡುತ್ತಾರೆ. ಗಾಳಿ ಬಿಗಿಯಾಗಿ ತುಂಬಿದ ಟಾಯರು ಪ್ರತಿಯೊಂದು ಹರಳಿನ ಮೇಲೂ ಸವಾರನನ್ನು ಎತ್ತಿ ಎತ್ತಿ ಹಾಕುತ್ತದೆ, ಕಾಲಿನ ಬಲವೆಲ್ಲ ಆ ಕುಲುಕಾಟದಲ್ಲಿ ಸೋರಿಹೋಗುತ್ತದೆ. ಮೆತ್ತಗಿನ ಟಾಯರು ಹರಳನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಸಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ತಂದೆ, ಅಜ್ಜಂದಿರು ಓಡಿಸಿದ ಕರಿಯ ಭಾರದ ಸೈಕಲ್ಲಿನ ಟಾಯರಿನ ಮೇಲೆ 28×1½ ಎಂದು ಅಚ್ಚಾಗಿರುತ್ತಿತ್ತು. ಆ ಒಂದೂವರೆ ಇಂಚನ್ನು ಇಂದಿನ ಲೆಕ್ಕದಲ್ಲಿ 40 ಮಿಲಿಮೀಟರ್ ಎಂದು ಬರೆಯುತ್ತಾರೆ. ಇಂದು ಅಂಗಡಿಯಲ್ಲಿ ಗ್ರ್ಯಾವೆಲ್ ಟಾಯರೆಂದು ಮಾರುವುದೂ ಹೆಚ್ಚುಕಡಿಮೆ ಅದೇ ಅಗಲದ್ದು! ಜೋಳದ ಚೀಲವನ್ನೋ ಹಾಲಿನ ಕ್ಯಾನನ್ನೋ ಕ್ಯಾರಿಯರಿಗೆ ಕಟ್ಟಿಕೊಂಡು ಹೊಲದ ಹಾದಿಯಲ್ಲಿ ಬಂದ ಆ ಹಿರಿಯರು ತಾವೊಂದು ಕ್ರೀಡೆಯನ್ನು ಆಡುತ್ತಿದ್ದೇವೆಂದು ಭಾವಿಸಿರಲಿಲ್ಲ. ಅಂಥ ಸೈಕಲ್ಲುಗಳನ್ನು ಊರೂರಿಗೆ ಮುಟ್ಟಿಸಿದ ಅಟ್ಲಾಸ್ ಕಂಪನಿಯ ಕೊನೆಯ ಕಾರ್ಖಾನೆ ಸಾಹಿಬಾಬಾದಿನಲ್ಲಿ 2020ರ ಜೂನ್ 3ರಂದು ನಿಂತುಹೋಯಿತು. ಅಂದು ವಿಶ್ವ ಸೈಕಲ್ ದಿನವಾಗಿತ್ತು. ಆದ್ದರಿಂದ ಮಗನಿಗೆ ನಮ್ಮ ಮೊದಲ ಮಾತು ಇದು. ಸ್ಕೂಟರಿನ ಬೆಲೆಯ ಸೈಕಲ್ಲು ಈಗಲೇ ಬೇಕಿಲ್ಲ. ಮನೆಯಲ್ಲಿರುವ ಸೈಕಲ್ಲಿಗೆ ಹಿಡಿಸುವಷ್ಟು ಅಗಲದ ಟಾಯರು ಹಾಕಿಸಿ, ಬ್ರೇಕು ಸರಿಪಡಿಸಿ, ಒಂದು ವರ್ಷ ಓಡಿಸಲಿ. ಹಂಬಲ ಆಗಲೂ ಉಳಿದಿದ್ದರೆ ದುಡ್ಡಿನ ಮಾತು.

ಮಗನನ್ನು ಸೆಳೆದ ಫ್ರಾನ್ಸಿನ ಸಂಗತಿಯನ್ನೂ ತುಸು ಅರಿಯುವುದೊಳಿತು. ಆ ದೇಶದ ನೈಋತ್ಯ ಮೂಲೆಯಲ್ಲಿ, ಬೋರ್ದೋ ನಗರದಿಂದ ಕೆಳಗೆ, ಲಾಂಡ್ ಎಂಬ ಸೀಮೆಯಿದೆ. ಒಂದು ಕಾಲಕ್ಕೆ ಅದು ಮರಳು ಮತ್ತು ಜೌಗು ಸೇರಿದ ಬಯಲು. ಕುರುಬರು ಮರಗಾಲು ಕಟ್ಟಿಕೊಂಡು ನೀರಿನ ಮೇಲೆ ನಡೆದು ಕುರಿ ಕಾಯುತ್ತಿದ್ದರು. 1857ರಲ್ಲಿ ಕಾನೂನು ಮಾಡಿ, ಜೌಗನ್ನು ಬಸಿದು, ಪೈನ್ ಮರಗಳನ್ನು ನೆಡಿಸಿದರು. ಈಗ ಅಲ್ಲಿ ಸುಮಾರು 10 ಲಕ್ಷ ಹೆಕ್ಟೇರಿನ ಕಾಡು ನಿಂತಿದೆ. ಕುರುಬರ ಹುಲ್ಲುಗಾವಲು ಹೋಯಿತೆಂಬುದು ಅದೇ ಕತೆಯ ಇನ್ನೊಂದು ಮುಖ. ಕಾಡಿನ ಅಂಚಿನಲ್ಲಿ ಉರ್ತಾಂ, ಲಕಾನೋ, ಬಿಸ್ಕರೋಸ್ ಎಂಬ ದೊಡ್ಡ ಸರೋವರಗಳಿವೆ. ಅವುಗಳ ಬಳಿ ಸಾಗುವ ಸೈಕಲ್ ಹಾದಿಗಳನ್ನು ಒಂದಕ್ಕೊಂದು ಜೋಡಿಸಿ, 2012ರಲ್ಲಿ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಸ್ಪೇನಿನ ಗಡಿಯವರೆಗೆ 1,200 ಕಿಲೋಮೀಟರಿಗೂ ಮಿಕ್ಕಿದ ಮಾರ್ಗವೊಂದನ್ನು ತೆರೆದರು. ಅದರ ಬಹುಭಾಗದಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಅಲ್ಲಿಯ ಮೌನವು ತಾನಾಗಿ ಉಳಿದದ್ದಲ್ಲ. ಕಾಯ್ದೆಯಿಂದ, ಖರ್ಚಿನಿಂದ ಉಳಿಸಿಕೊಂಡದ್ದು. ಆದರೂ 2022ರ ಜುಲೈ ತಿಂಗಳಿನ ಕಾಡ್ಗಿಚ್ಚಿನಲ್ಲಿ ಆ ಭಾಗದ 20,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟುಹೋಯಿತು.

ಅದೇ ದೇಶದ ಸೇಂತ್ ಎತಿಯೆನ್ ನಗರದಲ್ಲಿ ಪಾಲ್ ದ ವಿವಿ (1853-1930) ಎಂಬ ಮಹನೀಯರು ಬಾಳಿದರು. ‘ವೆಲೋಸಿಯೋ’ ಎಂಬುದು ಅವರ ಲೇಖನನಾಮ. ಪಂದ್ಯದ ಗೊಡವೆಯಿಲ್ಲದೆ, ನಾಡನ್ನು ನೋಡುವ ಸಲುವಾಗಿ ಸೈಕಲ್ಲಿನ ಮೇಲೆ ತಿರುಗುವ ಹವ್ಯಾಸಕ್ಕೆ ಅವರು ಗುರುಸಮಾನರು. ನಮ್ಮ ಮನೆಗಳಿಗೆ ಮೆಚ್ಚಾಗುವ ಸಂಗತಿಯೆಂದರೆ ಅವರು ಶಾಕಾಹಾರಿಗಳು. ಹಾದಿಯಲ್ಲಿ ಮದ್ಯ, ಮಾಂಸ, ತಂಬಾಕು ಕೂಡದು, ಹಸಿವೆ ಕಾಡುವ ಮುನ್ನವೇ ತುಸು ತಿನ್ನಬೇಕು, ದಣಿಯುವಷ್ಟು ತುಳಿಯಬಾರದು, ಮೆರೆಯಲೆಂದು ಓಡಿಸಬಾರದು ಎಂಬುವು ಅವರ ನಿಯಮಗಳಲ್ಲಿ ಕೆಲವು. ಗೇರುಗಳಿಗಾಗಿ ವಾದ ಹೂಡಿದವರೂ ಅವರೇ. 1902ರಲ್ಲಿ ಗುಡ್ಡಗಾಡಿನ ಮಾರ್ಗದಲ್ಲಿ ಒಂದು ಪರೀಕ್ಷೆ ನಡೆಯಿತು. ಒಂದೇ ಗೇರಿನ ಸೈಕಲ್ಲೇರಿದ ಹೆಸರಾಂತ ಪುರುಷ ಸವಾರನನ್ನು ಗೇರು ಬದಲಿಸುವ ಸೈಕಲ್ಲೇರಿದ ಮಾರ್ಥಾ ಹೆಸ್ ಎಂಬ ಮಹಿಳೆ ಹಿಂದೆ ಹಾಕಿದಳು. ಟೂರ್ ದ ಫ್ರಾನ್ಸ್ ಪಂದ್ಯದ ಸ್ಥಾಪಕ ಹೆನ್ರಿ ದೆಗ್ರಾಂಜ್ ಮಾತ್ರ, ಗೇರುಗಳೆಲ್ಲ ನಲವತ್ತೈದು ದಾಟಿದವರಿಗೆ ಸರಿ ಎಂದು ಹಾಸ್ಯ ಮಾಡಿದರು. 1937ರವರೆಗೆ ಆ ಪಂದ್ಯದಲ್ಲಿ ಅಂಥ ಗೇರಿಗೆ ಅವಕಾಶವಿರಲಿಲ್ಲ. ನಲವತ್ತೈದು ದಾಟಿದ ನಮ್ಮ ಓದುಗರು ಬೇಸರಿಸಬೇಕಿಲ್ಲ. ಯಳ್ಳೂರಿನ ಏರಿನಲ್ಲಿ ಗೇರು ಎಲ್ಲ ವಯಸ್ಸಿನವರಿಗೂ ಬೇಕು.

ಹಿಂದವಾಡಿಯಿಂದ ಹೊರಡುವವರಿಗೆ ಯಳ್ಳೂರೇ ಮೊದಲ ಪಾಠಶಾಲೆಯಾಗಲಿ. ಅನಗೋಳ ದಾಟಿದರೆ ಭತ್ತದ ಗದ್ದೆಗಳು ತೆರೆದುಕೊಳ್ಳುತ್ತವೆ. ಬೆಳಗಾವಿಯ ಬಾಸುಮತಿ ಎಂದು ಮನೆಮನೆಯಲ್ಲಿ ಹೆಸರಾದ ಅಕ್ಕಿ ಈ ಸೀಮೆಯದು. ಗದ್ದೆಗಳ ನಡುವಿನ ಬಂಡಿಹಾದಿಗಳಲ್ಲಿ ಮುಂಜಾನೆ ಮೋಟಾರಿನ ಸದ್ದು ಅಪರೂಪ. ಎದುರಿಗೆ ರಾಜಹಂಸಗಡದ ಕೋಟೆ, ಒಳಗೆ ಸಿದ್ಧೇಶ್ವರನ ಗುಡಿ. ಹೋಗಿ ಬರಲು ಅರ್ಧ ದಿವಸ ಸಾಕು. ಜಂಬಿಟ್ಟಿಗೆಯ ಗಟ್ಟಿ ನೆಲದ ಮೇಲೆ ಬಿಡಿ ಹರಳುಗಳು ಬೇರಿಂಗಿನ ಗುಂಡುಗಳಂತೆ ಹೇಗೆ ಉರುಳುತ್ತವೆ, ತಿರುವಿನಲ್ಲಿ ಮುಂದಿನ ಬ್ರೇಕು ಒತ್ತಿದರೆ ಏನಾಗುತ್ತದೆ ಎಂಬುದನ್ನು ಊರ ಹತ್ತಿರವೇ ಕಲಿಯುವುದು ಲೇಸು.

ಅದು ಕೈವಶವಾದ ಮೇಲೆ ಖಾನಾಪುರ. ಹೆದ್ದಾರಿಯಲ್ಲಿ ಅದು ಸುಮಾರು 26 ಕಿಲೋಮೀಟರ್. ಆದರೆ ಲಾರಿಗಳ ನಡುವೆ ಹೋಗುವುದು ಯಾರಿಗೂ ಹಿತವಲ್ಲ. ದೇಸೂರು, ಗರ್ಲಗುಂಜಿಗಳ ಒಳಹಾದಿ ಹಿಡಿದವರಿಗೆ ದೂರ ತುಸು ಹೆಚ್ಚಿದರೂ ಹೊಲ, ಕೆರೆ, ಗೋಡಂಬಿ ಗಿಡಗಳ ಸಂಗಡವಿರುತ್ತದೆ. ಖಾನಾಪುರದ ಜೇಡಿಮಣ್ಣು ಹೆಂಚು, ಕುಂಬಾರಿಕೆಗಳಿಗೆ ಹೆಸರಾದದ್ದು. ಪಟ್ಟಣದಾಚೆ ಅಸೋಗೆಯಲ್ಲಿ ಮಲಪ್ರಭೆಯ ದಂಡೆಯ ಮೇಲೆ ರಾಮಲಿಂಗೇಶ್ವರನ ಗುಡಿಯಿದೆ. ಬುತ್ತಿ ಬಿಚ್ಚಲು ಅದಕ್ಕಿಂತ ತಂಪಾದ ಜಾಗ ಬೇರೆ ಬೇಡ. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ವೆಲೋಸಿಯೋ ಅವರೂ ಒಪ್ಪುತ್ತಿದ್ದರು. ಇನ್ನೂ ಬಲವುಳ್ಳವರು ಮತ್ತೊಂದು ದಿನ ನಂದಗಡಕ್ಕೆ ಹೋಗಬಹುದು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನೆಲವದು. ಅಲ್ಲಿಂದ ಮುಂದೆ ಕದಂಬರ ಪಲಾಶಿಕೆಯಾಗಿದ್ದ ಹಲಸಿ, ಅಲ್ಲಿಯ ಭೂವರಾಹ ನರಸಿಂಹ ದೇವಾಲಯ. ಪಾಠದ ಪುಸ್ತಕದಲ್ಲಿ ಓದಿದ ಇತಿಹಾಸ ಸೈಕಲ್ಲಿನ ವೇಗದಲ್ಲಿ ಕಂಡಾಗ ಮನಸ್ಸಿನಲ್ಲಿ ನಿಲ್ಲುವ ಬಗೆಯೇ ಬೇರೆ.

ಆದರೆ ಇನ್ನೂ ಒಳಗಿನ ಕಾಡಿನ ವಿಚಾರದಲ್ಲಿ ನಮ್ಮ ಮಾತು ಖಂಡಿತ. 2011ರ ಡಿಸೆಂಬರಿನಲ್ಲಿ ಭೀಮಗಡವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅದರ ವಿಸ್ತಾರ ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವುದು ಆ ಮಡಿಲಿನಲ್ಲೇ. ಅಲ್ಲಿ ಕರಡಿ, ಕಾಡುಕೋಣಗಳಿವೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಸೈಕಲ್ಲು ನುಗ್ಗಿಸುವುದು ಸಾಹಸವೆನಿಸದು, ಅಪರಾಧವೆನಿಸುತ್ತದೆ. ಧಾಮದೊಳಗೆ ಗವಾಳಿ, ಪಾಸ್ತೋಲಿ, ಕೊಂಗಳಾ ಮೊದಲಾದ ಹಳ್ಳಿಗಳಿವೆ. ಹುಡುಗರು ಚಿತ್ರ ತೆಗೆದು ಹಂಚುವ ಕಚ್ಚಾಹಾದಿಯೇ ಆ ಹಳ್ಳಿಗರಿಗೆ ಆಸ್ಪತ್ರೆಯ ಹಾದಿ, ಸಂತೆಯ ಹಾದಿ. 2024ರ ಮಳೆಗಾಲದಲ್ಲಿ ಅಂಥ ಹಳ್ಳಿಯೊಂದರಿಂದ ಅಸ್ವಸ್ಥ ಮಹಿಳೆಯೊಬ್ಬರನ್ನು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಕೆಸರಿನಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ನಡೆದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನಗರದಿಂದ ಬಂದ ಸವಾರನು ‘ಈ ಹಾದಿ ಹೀಗೆಯೇ ಇರಲಿ’ ಎಂದು ಹೇಳುವ ಮೊದಲು ಆ ಡೋಲಿಯನ್ನು ನೆನೆಯಬೇಕು. ಫ್ರಾನ್ಸಿನವರ ಗರಸು ಹಾದಿಯ ಮಗ್ಗುಲಿಗೆ ಒಳ್ಳೆಯ ರಸ್ತೆ ಬೇರೆಯಿದೆ. ನಮ್ಮ ಹಳ್ಳಿಗರಿಗೆ ಇರುವುದು ಅದೊಂದೇ. ಹಳ್ಳಿಗೆ ರಸ್ತೆಯೋ ಪುನರ್ವಸತಿಯೋ, ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ನಾವು ಕೇಳಬೇಕಾದದ್ದು ಊರ ಸುತ್ತಿನ ಕೆರೆಯ ಏರಿ, ಕಾಲುವೆಯ ದಂಡೆ, ಹಳೆಯ ಬಂಡಿಹಾದಿಗಳನ್ನು. ನಿವೇಶನಗಳ ಭರಾಟೆಯಲ್ಲಿ ಅವು ಮಾಯವಾಗುವ ಮುನ್ನ ನಡೆಯುವವರಿಗೂ ಸೈಕಲ್ಲಿನವರಿಗೂ ಕಾದಿಡಬೇಕು ಎಂದು ಮಹಾನಗರ ಪಾಲಿಕೆಯನ್ನೂ ಗ್ರಾಮ ಪಂಚಾಯಿತಿಗಳನ್ನೂ ಕೇಳುವುದು ನ್ಯಾಯ.

ಇನ್ನು ತಂಗಿಯ ಮಾತು. 2006-07ರಲ್ಲಿ ನಮ್ಮ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಅದಕ್ಕೆ ಮುನ್ನ ಸಾವಿರಾರು ಹಳ್ಳಿಗಳ ಹೆಣ್ಣುಮಕ್ಕಳು, ಖಾನಾಪುರ ತಾಲೂಕಿನವರೂ ಸೇರಿ, ಇದೇ ಗರಸು ಹಾದಿಗಳಲ್ಲಿ ಸೈಕಲ್ ತುಳಿದು ಶಾಲೆಗೆ ಹೋದರು. ಅವರ ತಾಯಂದಿರಿಗೂ ಅಂಜಿಕೆಯಿತ್ತು. ಶಾಲೆ ದೂರವಿತ್ತಾದ್ದರಿಂದ ಕಳುಹಿಸಿದರು. ಹಳ್ಳಿಯ ರೈತನ ಮಗಳಿಗೆ ಸಲ್ಲುವ ಹಾದಿ ಹಿಂದವಾಡಿಯ ಮಗಳಿಗೆ ಏಕೆ ಸಲ್ಲದು? ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಏಕಾಂಗಿಯಾಗಿ ನಡೆದ ಅಕ್ಕನ ಹೆಸರನ್ನು ಮಗಳಿಗಿಟ್ಟು, ಯಳ್ಳೂರಿನವರೆಗೂ ಕಳುಹಿಸಲಾರೆವೆಂದರೆ ಅದು ಸಂಗತವಾಗಿ ತೋರುವುದಿಲ್ಲ. ಅಂಜಿಕೆ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಅಂಜಿಕೆಗೆ ಕಂಡುಕೊಳ್ಳುವ ಉಪಾಯ ಅಣ್ಣ-ತಂಗಿಯರಿಬ್ಬರಿಗೂ ಒಂದೇ ಆಗಿರಲಿ. ಒಬ್ಬೊಬ್ಬರೇ ಹೋಗದೆ ನಾಲ್ವರಾದರೂ ಕೂಡಿ ಹೋಗಲಿ. ತಲೆಗೆ ಹೆಲ್ಮೆಟ್ ಇರಲಿ. ಪಂಕ್ಚರ್ ತಿದ್ದುವುದನ್ನು ಇಬ್ಬರೂ ಕಲಿಯಲಿ, ಅದನ್ನು ಅಣ್ಣನಿಗೇ ಬಿಡುವುದು ಬೇಡ. ಯಾವ ಹಾದಿ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಬರೆದಿಟ್ಟು ಹೋಗಲಿ. ಕಾಡಿನ ಹಲವೆಡೆ ಮೊಬೈಲಿಗೆ ಸಂಪರ್ಕ ಸಿಗದು. ಬೆಳಗಿನ ಆರಕ್ಕೆ ಹೊರಟು ಬಿಸಿಲೇರುವ ಮುನ್ನ ತಿರುಗಿ ಬರುವಷ್ಟು ದೂರವೇ ಮೊದಮೊದಲು ಸಾಕು. ಸಾಧ್ಯವಾದರೆ ತಂದೆಯವರೂ ಒಂದು ರವಿವಾರ ಜೊತೆಗೂಡಲಿ; ಮೊಣಕಾಲು ದೂರಿದರೂ ಮನಸ್ಸು ಹಗುರಾದೀತು.

ಮಳೆಗಾಲದಲ್ಲಿ ಈ ಕಡೆ ಸೈಕಲ್ಲು ಬೇಡವೇ ಬೇಡ. ಕೆಂಪು ಮಣ್ಣು ಚಕ್ರಕ್ಕೆ ಮೆತ್ತಿ ಉರುಳಗೊಡುವುದಿಲ್ಲ, ಹಳ್ಳಗಳು ಗಳಿಗೆಯಲ್ಲಿ ಏರುತ್ತವೆ, ಇಂಬಳಗಳ ಕಾಟ ಬೇರೆ. ಫೆಬ್ರುವರಿ ಕಳೆದ ಮೇಲೆ ತರಗೆಲೆ ಒಣಗಿ ಕಿಚ್ಚಿನ ಭಯ. ಆಗ ಒಂದು ಬೆಂಕಿಕಡ್ಡಿಯೂ ಚೀಲದಲ್ಲಿರಬಾರದು. ದಸರೆಯಿಂದ ಶಿವರಾತ್ರಿಯವರೆಗಿನ ದಿನಗಳೇ ಸುದಿನಗಳು.

ಆ ದಿನಗಳಲ್ಲಿ, ಅಣ್ಣ-ತಂಗಿಯರಿಬ್ಬರೂ ಸಾಕಷ್ಟು ಪಳಗಿದ ಮೇಲೆ, ಕಣಕುಂಬಿಗೆ ಒಮ್ಮೆ ಹೋಗಿಬರಲಿ. ಕಿಣಯೆ, ಜಾಂಬೋಟಿ ದಾಟಿ 40 ಕಿಲೋಮೀಟರಿಗೂ ಹೆಚ್ಚಿನ ದೂರ. ಗೋವೆಯ ವಾಹನಗಳ ದಟ್ಟಣೆಯ ರಸ್ತೆಯಾದ್ದರಿಂದ ಸೈಕಲ್ಲುಗಳನ್ನು ಜಾಂಬೋಟಿಯವರೆಗೆ ಟೆಂಪೋದಲ್ಲಿ ಒಯ್ದರೂ ಅವಮಾನವಿಲ್ಲ. ಅಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಖಾನಾಪುರವನ್ನು ಹಾಯ್ದು, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಸಂಗಮದಲ್ಲಿ ಅಣ್ಣನ ಐಕ್ಯಸ್ಥಳಕ್ಕೆ ನಮಿಸಿ ಬಂದ ಕುಟುಂಬಗಳು ನಮ್ಮಲ್ಲಿ ಸಾವಿರಾರು. ಆ ನೀರು ಹೊರಡುವ ಕುಂಡವನ್ನು ಕಂಡವರು ಅದರಲ್ಲಿ ಎಷ್ಟು ಮಂದಿ?