ಟೊಮೆಟೊಗೆ ಎಂಟೇ ಗಂಟೆ!

ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಕಂಪ್ಯೂಟರ್ ನಂದು. ಆಡೋದು ಒಂದೇ ಜಾತಿ ಗೇಮು, ಗಡಿಯಾರದ ಜೊತೆ ಓಡೋವು. 'ಡೈನರ್ ಡ್ಯಾಶ್'ನ ಫ್ಲೋ ಆಫೀಸು ಕೆಲಸ ಬಿಟ್ಟು ಹೋಟೆಲು ಇಟ್ಟವಳು. ಗಿರಾಕಿಯ ಹೃದಯಗಳು ಒಂದೊಂದಾಗಿ ಆರೋದ್ರೊಳಗೆ ತಿಂಡಿ ಕೊಡಬೇಕು. ಒಂದೇ ಥರದ ಕೆಲಸ ಒಟ್ಟಿಗೆ ಮುಗಿಸಿದ್ರೆ ಪಾಯಿಂಟು ಜಾಸ್ತಿ. ಮುಳಬಾಗಿಲು ದೋಸೆ ಹಾಕೋರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ ಬಿಡಿ!

2009ರಲ್ಲಿ ಬಂದು 2020ರ ಕೊನೆಗೆ ಮುಚ್ಚಿಹೋದ 'ಫಾರ್ಮ್‌ವಿಲ್' ನೆನಪಿದೆಯಾ? ಅದ್ರಲ್ಲಿ ಟೊಮೆಟೊ ಎಂಟು ಗಂಟೆಗೆ ಕೊಯ್ಲು. ನಮ್ಮ ಕೋಲಾರದಲ್ಲಿ ಸಸಿ ನೆಟ್ಟು ಎರಡು ತಿಂಗಳಾದ್ರೂ ಕಾಯಬೇಕು. 15 ಕೆಜಿ ಬಾಕ್ಸಿಗೆ ಎಷ್ಟು ಸಿಗುತ್ತೋ, ಎಪಿಎಂಸಿ ಹರಾಜಲ್ಲೇ ಗೊತ್ತಾಗೋದು. ಆಗ ನಮ್ಮೆಜಮಾನ್ರು ನನ್ನ ಆಟ ನೋಡಿ, "ಇಷ್ಟು ಸಲೀಸಾಗಿದ್ರೆ ನಾನ್ಯಾಕೆ ಸಾಲ ಮಾಡ್ತಿದ್ದೆ?" ಅಂದಿದ್ರು. ನಂಗೆ ನಗು ಬರಲಿಲ್ಲ.

ಹೋದ ವಾರ ಅತ್ತೆ ಮಾತ್ರೆ ನುಂಗೋಕೆ ನೀರು ಕೇಳಿದ್ರು. "ಈ ಲೆವೆಲ್ ಮುಗೀಲಿ ಅತ್ತೆ" ಅಂದೆ. ಮುಗಿಸಿ ತಿರುಗಿ ನೋಡಿದ್ರೆ, ಗೋಡೆ ಹಿಡ್ಕೊಂಡು ಅವರೇ ಅಡುಗೆಮನೆಗೆ ಹೊರಟಿದ್ರು. ಒಂದು ಮಾತೂ ಬೈಲಿಲ್ಲ. ಫ್ಲೋ ಗಿರಾಕಿಗಳಿಗಾದ್ರೆ ಹೃದಯ ಆರೋದು ಕಾಣುತ್ತೆ, ಮನೆಯವರದ್ದು ಕಾಣಲ್ಲ.

ಆಟ ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದ್ರೆ ಈಗ ಟೈಮರ್ ಇಲ್ಲದೆ ಆಡೋಕೆ ಬರೋ ಗೇಮುಗಳನ್ನೇ ಹುಡುಕ್ತೀನಿ. ಅತ್ತೆ ಕರೆದ್ರೆ ಅರ್ಧಕ್ಕೇ ನಿಲ್ಲಿಸಿ ಏಳ್ತೀನಿ. ಲೆವೆಲ್ ಸೋತ್ರೆ ನಾಳೆ ಮತ್ತೆ ಆಡಿದ್ರಾಯ್ತು.

ನೀವು ಯಾವ ಗೇಮು ಆಡ್ತೀರಿ? ಬರೀರಿ.