ಪಟದ ಹಿಂದಿನ ಹೆಸರು

ಮನುಷ್ಯನು ಅಳಿದ ಮೇಲೂ ಅವನ ಮುಖವನ್ನು ಉಳಿಸಿಕೊಡುವ ವಿದ್ಯೆ ಎಂದು ಛಾಯಾಚಿತ್ರಕಲೆಯನ್ನು ಹೊಗಳುವುದುಂಟು. ಆದರೆ ಮುಖವೊಂದೇ ಉಳಿದರೆ ಮನುಷ್ಯನು ಉಳಿದಂತಾಯಿತೇ? ಮಂಡ್ಯ ಸೀಮೆಯ ಹೊಳಲಿನಂತಹ ಊರುಗಳಲ್ಲಿ ಹಳೆಯ ಮನೆಗಳ ಪಡಸಾಲೆಯನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಗೋಡೆಯ ಮೇಲೆ ಪೇಟ ಧರಿಸಿದ ಹಿರಿಯರೊಬ್ಬರ ಪಟವಿರುತ್ತದೆ. ಹಬ್ಬದ ದಿನ ಅದಕ್ಕೆ ಹೂವೂ ಏರುತ್ತದೆ. ಅವರು ಯಾರೆಂದು ಕೇಳಿದರೆ, “ನಮ್ಮ ಮುತ್ತಾತನ ಕಾಲದವರು” ಎಂಬಲ್ಲಿಗೆ ಉತ್ತರ ನಿಂತುಬಿಡುತ್ತದೆ.

ಇದು ನಮ್ಮ ನಾಡಿನ ಮರೆವು ಮಾತ್ರವಲ್ಲ. 1854ರಲ್ಲಿ ಪ್ಯಾರಿಸಿನ ಡಿಸ್ಡೆರಿ ಎಂಬಾತನು ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಭಾವಚಿತ್ರಗಳನ್ನು ಅಗ್ಗವಾಗಿ ಮುದ್ರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಮುಂದೆ ವಿಕ್ಟೋರಿಯಾ ರಾಣಿಯ ಇಂಗ್ಲೆಂಡಿನಲ್ಲಿ ಜನರು ಇಂತಹ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಕೆಲವೊಮ್ಮೆ ಕೆಳಗೆ ಸಹಿ ಮಾಡಿ, ಬಂಧುಮಿತ್ರರಿಗೆ ಹಂಚಿದರು. ಅವುಗಳಲ್ಲಿ ಎಷ್ಟೋ ಚಿತ್ರಗಳು ಇಂದು ಗುರುತಿಲ್ಲದೆ ಉಳಿದಿವೆ.

ಸಹಿಯನ್ನು ಕಂಡೊಡನೆ ಹೆಸರು ದೊರೆಯಿತೆಂದು ಹಿಗ್ಗುವುದು ಆತುರ. ಆ ಸಹಿ ಚಿತ್ರದಲ್ಲಿರುವವರದಾಗಿರಬಹುದು, ಚಿತ್ರ ತೆಗೆದವರದಾಗಿರಬಹುದು, ಕಾಣಿಕೆಯಾಗಿ ಕೊಟ್ಟವರದೂ ಆಗಿರಬಹುದು. ಆದ್ದರಿಂದ ಸಂಶೋಧಕನು ಮೊದಲು ರಟ್ಟಿನ ಬೆನ್ನನ್ನು ನೋಡುತ್ತಾನೆ. ಅಲ್ಲಿ ಛಾಯಾಗ್ರಾಹಕನ ಹೆಸರು, ಬೀದಿಯ ವಿಳಾಸ, ಕೆಲವೊಮ್ಮೆ ಕ್ರಮಸಂಖ್ಯೆ ಇರುತ್ತವೆ. ಆ ವಿಳಾಸದಲ್ಲಿ ಅವನು ಯಾವ ವರ್ಷಗಳಲ್ಲಿದ್ದನೆಂಬುದನ್ನು ಅಂದಿನ ನಗರ ಕೈಪಿಡಿಗಳು ತಿಳಿಸುತ್ತವೆ. ರಟ್ಟಿನ ದಪ್ಪ, ಅದರ ಮೂಲೆಗಳ ಆಕಾರ, ಉಡುಪಿನ ರೀತಿ ಇವೂ ಕಾಲಕ್ಕೆ ಸಾಕ್ಷಿ. ಆಮೇಲೆ ಸಹಿಯನ್ನು ವಿವಾಹದ ದಾಖಲೆ, ಮರಣಶಾಸನ, ಪತ್ರಗಳೊಡನೆ ಹೋಲಿಸಿ ನೋಡಬೇಕು. ಲಂಡನ್ನಿನಲ್ಲಿದ್ದ ಕಮೀಯ್ ಸಿಲ್ವಿ ಎಂಬ ಛಾಯಾಗ್ರಾಹಕನು ತಾನು ತೆಗೆದ ಸಾವಿರಾರು ಭಾವಚಿತ್ರಗಳನ್ನು ದಿನಚರಿ ಪುಸ್ತಕಗಳಲ್ಲಿ ಕ್ರಮವಾಗಿ ಅಂಟಿಸಿಟ್ಟನು. ಆ ಪುಸ್ತಕಗಳು ಅಲ್ಲಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿ ಉಳಿದಿರುವುದರಿಂದ ಎಷ್ಟೋ ಮುಖಗಳಿಗೆ ಹೆಸರು ಮರಳಿ ಬಂದಿದೆ.

ಇಷ್ಟಾದರೂ ಸಾಕ್ಷ್ಯ ಸಾಲದಿದ್ದರೆ ಊಹೆಯನ್ನು ಊಹೆಯೆಂದೇ ಬರೆದಿಡುವುದು ಸಂಶೋಧಕನ ಧರ್ಮ. ಹೆಸರಿಲ್ಲದ ಮುಖವನ್ನು ನಾಳೆ ಯಾರಾದರೂ ಹುಡುಕಿಯಾರು. ತಪ್ಪು ಹೆಸರು ಹೊತ್ತ ಮುಖವನ್ನು ಮತ್ತೆ ಯಾರೂ ಹುಡುಕುವುದಿಲ್ಲ.

ಹೆಸರು ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಇದಕ್ಕೆ ಕೊಡಗಿನ ರಾಜಕುಮಾರಿ ಗೌರಮ್ಮನೇ ನಿದರ್ಶನ. ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರಿಗೆ ಪರಿಚಿತನಾದ ಚಿಕ್ಕವೀರರಾಜೇಂದ್ರನ ಮಗಳು ಈಕೆ. 1834ರಲ್ಲಿ ರಾಜ್ಯ ಕಳೆದುಕೊಂಡ ತಂದೆಯೊಡನೆ 1852ರಲ್ಲಿ ಇಂಗ್ಲೆಂಡಿಗೆ ಹೋದಾಗ ಆಕೆ ಹನ್ನೊಂದರ ಬಾಲೆ. ಅಲ್ಲಿ ಆಕೆ ಕ್ರೈಸ್ತಧರ್ಮಕ್ಕೆ ಸೇರಿದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಆಕೆಯ ಅಂದಿನ ಚಿತ್ರಗಳನ್ನಷ್ಟೇ ನೋಡಿದವರಿಗೆ ರಾಜಾಶ್ರಯದ ಸುಖ ಕಂಡೀತು. ತಂದೆಯಿಂದ ದೂರವಿರಿಸಿ ಆಂಗ್ಲ ಕುಟುಂಬಗಳಲ್ಲಿ ಬೆಳೆಸಿದ ಸಂಗತಿ, 1864ರಲ್ಲಿ ಇಪ್ಪತ್ತಮೂರು ತುಂಬುವ ಮೊದಲೇ ಬಂದ ಮರಣ ಇವು ಚಿತ್ರದಲ್ಲಿ ಕಾಣುವುದಿಲ್ಲ. ಕಾಗದಪತ್ರಗಳನ್ನು ತಾಳ್ಮೆಯಿಂದ ಓದಿದವರಿಂದಲೇ ಅವು ಲೋಕಕ್ಕೆ ತಿಳಿದವು.

ರಾಣಿಯ ಆಶ್ರಯವಿದ್ದುದರಿಂದ ಈ ಗೌರಮ್ಮನ ಪತ್ರಗಳು ಉಳಿದವು. ಹೊಳಲಿನ ಒಬ್ಬ ಗೌರಮ್ಮನಿಗೆ ಅಂತಹ ಆಶ್ರಯವೆಲ್ಲಿದೆ? ಆಕೆಯ ಪಾಲಿನ ದಾಖಲೆಯೆಂದರೆ ಮನೆಯವರ ನೆನಪೊಂದೇ. ಆದುದರಿಂದ ಮನೆಯ ಮುದುಕರು ಇರುವಾಗಲೇ ಅವರ ಮುಂದೆ ಹಳೆಯ ಪಟಗಳನ್ನಿಟ್ಟು ಕೇಳಬೇಕು. ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಪಟದ ಹಿಂಬದಿಯಲ್ಲಿ ಮೃದುವಾದ ಸೀಸದ ಕಡ್ಡಿಯಿಂದ ಬರೆದಿಡಬೇಕು. ಯಜಮಾನನ ಹೆಸರಿನೊಡನೆ ಪಕ್ಕದಲ್ಲಿ ನಿಂತ ಹೆಣ್ಣುಮಗಳ ಹೆಸರೂ ಅಂಚಿನಲ್ಲಿ ನಿಂತ ಆಳುಮಗನ ಹೆಸರೂ ಅಲ್ಲಿ ಸೇರಬೇಕು. ಪಟಕ್ಕೆ ಏರಿಸಿದ ಹೂವು ಸಂಜೆಗೆ ಬಾಡುತ್ತದೆ. ಹಿಂದೆ ಬರೆದ ಹೆಸರು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.